ಕಡಲು ಸೀಳಿದಾಗ ಅಪ್ಪ ಕೈ ಮುಗಿದರು, ಮಗಳು ನಕ್ಕಳು

ಪ್ರಶ್ನೆ: ಈ ಸಲದ ಈಸ್ಟರ್ ರಜೆಯಲ್ಲಿ ಮನೆಮಂದಿಯೆಲ್ಲ ಕೂತು 1956ರ ‘ದ ಟೆನ್ ಕಮಾಂಡ್‌ಮೆಂಟ್ಸ್’ ನೋಡಿದೆವು. ಕೆಂಪು ಸಮುದ್ರ ಇಬ್ಭಾಗವಾದಾಗ ನನ್ನ ಅಪ್ಪ ಕೈ ಮುಗಿದರು. ಪಕ್ಕದಲ್ಲೇ ಕೂತಿದ್ದ ಮಗಳು ನಕ್ಕುಬಿಟ್ಟಳು. “ಎಲ್ಲರೂ ಭಾಷಣ ಮಾಡ್ತಾರೆ, ಒಬ್ಬರೂ ಮಾತಾಡಲ್ಲ. ಬೈಬಲ್‌ನಲ್ಲಿ ಇಲ್ಲದ ಪ್ರೇಮಕಥೆ ಬೇರೆ!” ಅಂದಳು. ಅಪ್ಪನಿಗೆ ಬೇಸರವಾಯಿತು. ಒಂದೇ ಚಿತ್ರ ನೋಡಿ ಜನ ಹೀಗೆ ಎರಡು ಪಾಲಾಗುವುದೇಕೆ? ನಿಮ್ಮ ಮತ ಯಾರ ಕಡೆ?
— ಓದುಗರೊಬ್ಬರು, ಮಂಗಳೂರು

ಉತ್ತರ: ನಿಮ್ಮ ಮನೆಯ ಜಗಳಕ್ಕೆ ಚಿತ್ರದಷ್ಟೇ ವಯಸ್ಸಾಗಿದೆ. 1956ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಅದು ತೆರೆಕಂಡಾಗ ‘ನ್ಯೂಯಾರ್ಕ್ ಟೈಮ್ಸ್’ ಮೆಚ್ಚಿ ಬರೆಯಿತು, ‘ಟೈಮ್’ ವಾರಪತ್ರಿಕೆ ಕಟುವಾಗಿ ಟೀಕಿಸಿತು. ಜನ ಮಾತ್ರ ಸಾಲುಗಟ್ಟಿ ನಿಂತರು. ಟಿಕೆಟ್ ದರದ ಏರಿಕೆಯನ್ನು ಲೆಕ್ಕಕ್ಕೆ ಹಿಡಿದರೆ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ಹತ್ತು ಚಿತ್ರಗಳಲ್ಲಿ ಇಂದಿಗೂ ಅದಕ್ಕೊಂದು ಜಾಗವಿದೆ. ಏಳು ವಿಭಾಗಗಳಲ್ಲಿ ಆಸ್ಕರ್‌ಗೆ ಹೆಸರು ಹೋಗಿತ್ತು, ಬಂದದ್ದು ಒಂದೇ. ಅದೂ ವಿಶೇಷ ದೃಶ್ಯತಂತ್ರಕ್ಕೆ. ನಿಮ್ಮ ಮಗಳು ನಕ್ಕ ಕಡಲಿಗೇ ಆ ವರ್ಷದ ಪ್ರಶಸ್ತಿ ಸಿಕ್ಕಿತ್ತು ಅನ್ನಿ.

ಮಗಳ ದೂರನ್ನೇ ಮೊದಲು ತೆಗೆದುಕೊಳ್ಳೋಣ, ಅದರಲ್ಲಿ ಹುರುಳಿದೆ. ಪಾತ್ರಗಳು ಭಾಷಣ ಮಾಡುತ್ತವೆ, ನಿಜ. ಮೋಶೆಯಾಗಿ ಚಾರ್ಲ್‌ಟನ್ ಹೆಸ್ಟನ್ ಗದ್ದ ಎತ್ತಿ ನಿಲ್ಲುತ್ತಾರೆ. ರಾಮ್ಸೆಸ್ ಆಗಿ ಯೂಲ್ ಬ್ರಿನ್ನರ್ ಸೊಂಟದ ಮೇಲೆ ಕೈಯಿಟ್ಟು ಎದೆ ಸೆಟೆದು ಮಾತಾಡುತ್ತಾರೆ. ರಾಜಕುಮಾರಿ ನೆಫ್ರೆಟಿರಿಯಾಗಿ ಆ್ಯನ್ ಬ್ಯಾಕ್ಸ್‌ಟರ್ ಆಡುವ ಒಲವಿನ ಮಾತುಗಳಿಗೆ ಅಮೆರಿಕದ ಪ್ರೇಕ್ಷಕರೂ ದಶಕಗಳಿಂದ ನಗುತ್ತ ಬಂದಿದ್ದಾರೆ. ಆದರೆ ಇದು ಕೈಲಾಗದೆ ಆದದ್ದಲ್ಲ. ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಹುಟ್ಟಿದ್ದು 1881ರಲ್ಲಿ, ನಾಟಕಕಾರನ ಮಗನಾಗಿ. ಸಿನಿಮಾಕ್ಕೆ ಬಂದದ್ದು ಮೂಕಿಚಿತ್ರಗಳ ಕಾಲದಲ್ಲಿ. ಇದೇ ಹೆಸರಿನ ಮೂಕಿಚಿತ್ರವೊಂದನ್ನು ಅವರು 1923ರಲ್ಲೇ ಮಾಡಿದ್ದರು. ಅವರ ಮಟ್ಟಿಗೆ ತೆರೆಯೆಂದರೆ ರಂಗಸ್ಥಳ. ನಟ ತನ್ನ ಜಾಗಕ್ಕೆ ಬಂದು, ಬೆಳಕಿನಲ್ಲಿ ನಿಂತು, ಮಾತನ್ನು ಕೊನೆಯ ಸಾಲಿನವರೆಗೂ ಮುಟ್ಟಿಸಬೇಕು.

ಈ ಬಗೆ ನಮಗೆ ಹೊಸದೇನಲ್ಲ. ಡಿಮಿಲ್ ಈಜಿಪ್ಟಿನ ಮರಳಿನಲ್ಲಿ ಕ್ಯಾಮೆರಾ ಇಟ್ಟದ್ದು 1954ರಲ್ಲಿ. ಅದೇ ವರ್ಷ ನಮ್ಮಲ್ಲಿ ‘ಬೇಡರ ಕಣ್ಣಪ್ಪ’ ಬಂತು. ಗುಬ್ಬಿ ಕಂಪನಿಯ ನಾಟಕಗಳಲ್ಲಿ ಪಳಗಿದ ರಾಜಕುಮಾರ್ ಅದರಿಂದ ನಾಯಕರಾದರು. ಕಣ್ಣು ಕಿತ್ತು ಶಿವನಿಗಿಡುವ ದೃಶ್ಯದಲ್ಲಿ ‘ಮನೆಯಲ್ಲಿ ಯಾರು ಹೀಗೆ ಮಾತಾಡುತ್ತಾರೆ’ ಎಂದು ನಮ್ಮ ಅಜ್ಜಿಯರು ಕೇಳಲಿಲ್ಲ, ಕಣ್ಣೊರೆಸಿಕೊಂಡರು. ದೇವರ ಕಥೆಗೆ ಒಂದು ಎತ್ತರದ ಮಾತು ಬೇಕು ಎಂಬ ಒಪ್ಪಂದ ನೋಡುವವರಿಗೂ ಆಡುವವರಿಗೂ ನಡುವೆ ಇತ್ತು. ನಿಮ್ಮ ಅಪ್ಪ ಆ ಒಪ್ಪಂದದೊಳಗೆ ಕೂತು ಚಿತ್ರ ನೋಡಿದ್ದಾರೆ. ಪಿಸುಮಾತಿನ ಅಭಿನಯ ನೋಡಿ ಬೆಳೆದ ಮಗಳು ಅದರ ಹೊರಗೆ ನಿಂತು ನೋಡಿದ್ದಾಳೆ. ಮತಭೇದದ ಬೇರು ಬಹುಮಟ್ಟಿಗೆ ಇಲ್ಲೇ ಇದೆ.

ಇನ್ನು ಆ ಕಡಲು. ಕಂಪ್ಯೂಟರ್ ಇಲ್ಲದ ಕಾಲ. ಪ್ಯಾರಾಮೌಂಟ್ ಸ್ಟುಡಿಯೋದ ಅಂಗಳದಲ್ಲಿ ಭಾರಿ ತೊಟ್ಟಿ ಕಟ್ಟಿದರು. ಎರಡು ಬದಿಯಿಂದಲೂ ನೀರು ಧುಮ್ಮಿಕ್ಕುವುದನ್ನು ಚಿತ್ರಿಸಿ, ಆ ರೀಲನ್ನು ಹಿಂದುಮುಂದಾಗಿ ಓಡಿಸಿದರು. ಬೀಳುವ ನೀರು ಏಳುವ ಗೋಡೆಯಾಯಿತು. ಅದಕ್ಕೆ ಈಜಿಪ್ಟಿನಲ್ಲಿ ತೆಗೆದ ಸಮುದ್ರತೀರವನ್ನೂ ಜನಸಂದಣಿಯನ್ನೂ ಬಣ್ಣದ ಮೋಡಗಳನ್ನೂ ಪದರಪದರವಾಗಿ ಸೇರಿಸಿದರು. ಈ ಕೆಲಸದ ಹಿಂದಿದ್ದವರು ಜಾನ್ ಫುಲ್ಟನ್, 1933ರ ‘ದ ಇನ್ವಿಸಿಬಲ್ ಮ್ಯಾನ್’ನಲ್ಲಿ ಮನುಷ್ಯನನ್ನೇ ಕಾಣದಂತೆ ಮಾಡಿದ ತಂತ್ರಜ್ಞ. ಪದರಗಳು ಕೂಡುವಲ್ಲಿ ನೀಲಿ ಅಂಚು ಕಾಣುತ್ತದೆ, ಇಂದಿನ ಟಿವಿಯಲ್ಲಿ ಇನ್ನೂ ಎದ್ದು ಕಾಣುತ್ತದೆ. ಆದರೂ ಆ ಸುಳಿಯುವ ನೀರು ನಿಜವಾದ ನೀರು, ಅದರ ಭಾರ ಕಣ್ಣಿಗೆ ಗೊತ್ತಾಗುತ್ತದೆ. ಇಷ್ಟು ಹೇಳಿ ಆ ಭಾಗವನ್ನು ಮಗಳಿಗೆ ಮತ್ತೊಮ್ಮೆ ತೋರಿಸಿ.

‘ಬೈಬಲ್‌ನಲ್ಲಿ ಇಲ್ಲದ್ದು’ ಎಂಬ ದೂರಿಗೆ ಸ್ವಲ್ಪ ನಿಂತು ಉತ್ತರಿಸಬೇಕು. ವಿಮೋಚನಕಾಂಡ ತೆರೆದು ನೋಡಿ. ಕೂಸು ಮೋಶೆ ಆಪಿನ ಪೆಟ್ಟಿಗೆಯಲ್ಲಿ ನದಿಯಂಚಿಗೆ ಬಂದು ಫರೋಹನ ಮಗಳ ಕೈಸೇರುತ್ತಾನೆ. ಕೆಲವೇ ವಚನಗಳ ನಂತರ ಅವನು ದೊಡ್ಡವನಾಗಿದ್ದಾನೆ, ಇಬ್ರಿಯನನ್ನು ಹೊಡೆಯುತ್ತಿದ್ದ ಐಗುಪ್ತದವನನ್ನು ಕೊಂದು ಓಡಿಹೋಗುತ್ತಾನೆ. ನಡುವಿನ ಅರಮನೆಯ ವರ್ಷಗಳ ಬಗ್ಗೆ ಗ್ರಂಥ ಒಂದು ಮಾತೂ ಆಡುವುದಿಲ್ಲ. ಫರೋಹನ ಹೆಸರನ್ನೂ ಹೇಳುವುದಿಲ್ಲ. ಆ ಮೌನವನ್ನು ತುಂಬಲು ಡಿಮಿಲ್ ಜೊಸೀಫಸ್ ಮತ್ತು ಫಿಲೋ ಎಂಬ ಪ್ರಾಚೀನ ಯೆಹೂದಿ ಲೇಖಕರ ಮೊರೆಹೋದರು, ಜೊತೆಗೆ ಮೂರು ಕಾದಂಬರಿಗಳಿಂದಲೂ ಎತ್ತಿಕೊಂಡರು. ಮೋಶೆ ಇಥಿಯೋಪಿಯವನ್ನು ಗೆದ್ದು ಬರುವುದು ಜೊಸೀಫಸ್ ಹೇಳಿದ ಕಥೆಯ ಎಳೆ. ಅರಣ್ಯಕಾಂಡದಲ್ಲಿ ದಂಗೆಯೆದ್ದು ಭೂಮಿ ಬಾಯ್ದೆರೆದು ನುಂಗುವ ದಾತಾನನನ್ನು ಚಿತ್ರ ಮೊದಲಿನಿಂದಲೇ ಖಳನನ್ನಾಗಿ ಬೆಳೆಸಿ, ಸೀನಾಯಿ ಬೆಟ್ಟದ ಬುಡದಲ್ಲಿ ಚಿನ್ನದ ಕರುವಿನ ಪ್ರಸಂಗಕ್ಕೆ ತಂದು ಸೇರಿಸುತ್ತದೆ. ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಪಂಪ ಅರ್ಜುನನೊಳಗೆ ತನ್ನ ಅರಿಕೇಸರಿಯನ್ನು ಇಟ್ಟು ಭಾರತ ಹೇಳಿದ. ಹಳೆಯ ಕಥೆ ಪ್ರತಿ ಕಾಲದಲ್ಲೂ ಹೀಗೆಯೇ ಮೈ ತುಂಬಿಕೊಂಡಿದೆ.

ಡಿಮಿಲ್ ಕೂಡ ತಮ್ಮ ಕಾಲವನ್ನು ಇದರೊಳಗೆ ಇಟ್ಟರು, ಮುಚ್ಚುಮರೆಯಿಲ್ಲದೆ. ಚಿತ್ರ ಶುರುವಾಗುವ ಮೊದಲು ಅವರೇ ಪರದೆಯ ನಡುವಿನಿಂದ ಬಂದು ಪ್ರೇಕ್ಷಕರ ಮುಂದೆ ನಿಲ್ಲುತ್ತಾರೆ. ಮನುಷ್ಯರನ್ನು ಆಳಬೇಕಾದ್ದು ದೇವರ ಕಟ್ಟಳೆಯೋ, ರಾಮ್ಸೆಸ್‌ನಂಥ ಸರ್ವಾಧಿಕಾರಿಯ ಇಚ್ಛೆಯೋ, ಮನುಷ್ಯರು ಪ್ರಭುತ್ವದ ಸೊತ್ತೋ ಎಂದು ಕೇಳುತ್ತಾರೆ. ಶೀತಲ ಸಮರದ ದಿನಗಳಲ್ಲಿ ಬಾಣ ಯಾರ ಕಡೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕೆಲವರಿಗೆ ಚಿತ್ರ ರುಚಿಸದಿರಲು ಇದೂ ಒಂದು ಕಾರಣ, ಅವರ ಆಕ್ಷೇಪಕ್ಕೆ ಆಧಾರವಿದೆ. ಹಾಲಿವುಡ್‌ನಲ್ಲಿ ಕಮ್ಯುನಿಸ್ಟರ ಬೇಟೆ ನಡೆದಾಗ ಡಿಮಿಲ್ ಬೇಟೆಯಾಡುವವರ ಜೊತೆ ನಿಂತವರು. ಆದರೆ ಅದೇ ಮನುಷ್ಯ, ಎಡಪಂಥೀಯ ನಂಟಿನ ಶಂಕೆಯಿಂದ ಒಳ್ಳೆಯ ಅವಕಾಶಗಳೇ ತಪ್ಪಿಹೋಗಿದ್ದ ಎಡ್ವರ್ಡ್ ಜಿ. ರಾಬಿನ್‌ಸನ್‌ರನ್ನು ಕರೆದು ದಾತಾನನ ಪಾತ್ರ ಕೊಟ್ಟರು. ತನ್ನ ಆತ್ಮಗೌರವ ಮರಳಿದ್ದು ಅವರಿಂದ ಎಂದು ರಾಬಿನ್‌ಸನ್ ಮುಂದೆ ನೆನೆದರು. ಅಂಥದೇ ಶಂಕೆಗೆ ಗುರಿಯಾಗಿದ್ದ ತರುಣ ಎಲ್ಮರ್ ಬರ್ನ್‌ಸ್ಟೀನ್‌ಗೆ ಇಡೀ ಚಿತ್ರದ ಸಂಗೀತ ಒಪ್ಪಿಸಿದರು. ಮನುಷ್ಯರನ್ನು ಒಂದೇ ಸಾಲಿನಲ್ಲಿ ತೀರ್ಮಾನಿಸಲಾಗದು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ತೆರೆಯ ಮೇಲೆ ಇಸ್ರಾಯೇಲ್ಯರನ್ನು ಬೆನ್ನಟ್ಟುವ ಫರೋಹನ ರಥಗಳನ್ನು ಓಡಿಸಿದವರು ಈಜಿಪ್ಟ್ ಸೇನೆಯ ನಿಜವಾದ ಕುದುರೆ ಸವಾರರು. ಚಿತ್ರ ತೆರೆಗೆ ಬಂದ ಹೊತ್ತಿಗೆ ಈಜಿಪ್ಟಿನ ಮೇಲೆ ಸೂಯೆಜ್ ಯುದ್ಧ ಆಗಿತ್ತು, ಇಸ್ರೇಲಿನ ಪಡೆಗಳು ಅದೇ ಸೀನಾಯಿಯಲ್ಲಿದ್ದವು.

ಇಷ್ಟೆಲ್ಲ ಇದ್ದೂ ನಾನು ಈ ಚಿತ್ರಕ್ಕೆ ಮರಳುವುದು ಎರಡು ದೃಶ್ಯಗಳಿಗಾಗಿ, ಅವೆರಡೂ ಕಡಲಿನವಲ್ಲ. ಒಂದು, ಇಸ್ರಾಯೇಲ್ಯರ ಬಿಡುಗಡೆಯ ಹಿಂದಿನ ಪಸ್ಕದ ರಾತ್ರಿ. ಆಕಾಶದಿಂದ ಹಸಿರು ಹೊಗೆ ಬೆರಳು ಚಾಚಿದಂತೆ ಇಳಿದು ಬೀದಿಬೀದಿಯಲ್ಲಿ ತೆವಳುತ್ತದೆ. ಬಾಗಿಲಿಗೆ ರಕ್ತ ಬಳಿದ ಮನೆಯೊಳಗೆ ಮೋಶೆಯ ಕುಟುಂಬ ಊಟಕ್ಕೆ ಕೂತಿದೆ, ಅವನನ್ನು ಸಾಕಿದ ಫರೋಹನ ಮಗಳೂ ಬಂದು ಅವರೊಡನೆ ಕೂತಿದ್ದಾಳೆ. ಹೊರಗೆ ಚೀರಾಟ. ಶತ್ರುವಿನ ಮನೆಯ ಮಕ್ಕಳು ಸಾಯುತ್ತಿದ್ದಾರೆ, ಇವರಾರ ಮುಖದಲ್ಲೂ ಗೆಲುವಿನ ಸಂತೋಷವಿಲ್ಲ. ಅಬ್ಬರದ ನಿರ್ದೇಶಕ ಎನಿಸಿಕೊಂಡವರು ಅಲ್ಲಿ ಎಷ್ಟು ತಗ್ಗಿದ ದನಿಯಲ್ಲಿ ಮಾತಾಡಿದ್ದಾರೆ ನೋಡಿ.

ಇನ್ನೊಂದು, ಮರುದಿನದ ಹೊರಡುವ ಹೊತ್ತು. ಸಾವಿರಾರು ಜನ, ದನ, ಕುರಿ, ಬಾತು, ಗಾಡಿ, ಗಂಟುಮೂಟೆ. ಆ ಮಹಾಪ್ರವಾಹದ ನಡುವೆ ಕ್ಯಾಮೆರಾ ಒಬ್ಬೊಬ್ಬರ ಬಳಿಗೆ ಹೋಗುತ್ತದೆ. ಸಾಯುವ ಸ್ಥಿತಿಯಲ್ಲಿರುವ ಮುದುಕನೊಬ್ಬನನ್ನು ತೋಳಿನಲ್ಲಿ ಎತ್ತಿ ತರುತ್ತಾರೆ. ಆ ಪಾತ್ರ ಮಾಡಿದವರು ಎಚ್.ಬಿ. ವಾರ್ನರ್. 1927ರಲ್ಲಿ ಇದೇ ಡಿಮಿಲ್‌ರ ‘ದ ಕಿಂಗ್ ಆಫ್ ಕಿಂಗ್ಸ್’ನಲ್ಲಿ ಯೇಸುವಾಗಿದ್ದವರು. ಅದನ್ನು ತಿಳಿದು ಆ ಮುಖ ನೋಡಿದರೆ ಗಂಟಲು ಕಟ್ಟುತ್ತದೆ.

ಹಾಗಾದರೆ ದೋಷವೇ ಇಲ್ಲವೇ? ಇದೆ, ಆದರೆ ಅದು ಮಗಳು ತೋರಿಸಿದ ಜಾಗದಲ್ಲಿಲ್ಲ. ವಿಮೋಚನಕಾಂಡದ ಮೋಶೆ ಮಾತು ತಡವರಿಸುವವನು. ಉರಿಯುವ ಪೊದೆಯ ಮುಂದೆ ನೆಪ ಹೇಳಿ ಹೇಳಿ, ಕೊನೆಗೆ ಬೇರೆ ಯಾರನ್ನಾದರೂ ಕಳಿಸು ಎಂದು ದೇವರನ್ನೇ ಬೇಡುತ್ತಾನೆ. ದೇವರಿಗೆ ಕೋಪ ಬರುವಷ್ಟು ಹಿಂಜರಿಯುತ್ತಾನೆ. ಆ ಪೊದೆಯ ದೃಶ್ಯದಲ್ಲಿ ದೇವರ ದನಿಯಾಗಿ ಕೇಳಿಸುವುದು ಹೆಸ್ಟನ್‌ರದೇ ದನಿ, ನಿಧಾನಗೊಳಿಸಿದ್ದು. ಎಂಥ ಸೂಕ್ಷ್ಮ ಕಲ್ಪನೆ! ಆದರೆ ಬೆಟ್ಟ ಇಳಿದ ಮೋಶೆ ಮನುಷ್ಯನಾಗಿ ಉಳಿಯುವುದಿಲ್ಲ, ಕಲ್ಲಿನ ಮೂರ್ತಿಯಾಗಿಬಿಡುತ್ತಾನೆ. ಮೊದಲರ್ಧದಲ್ಲಿ ಅರಮನೆಯನ್ನು ಬಿಟ್ಟು ಇಟ್ಟಿಗೆಯ ಕೆಸರಿಗೆ ಇಳಿದವನ ತಳಮಳ ಎರಡನೆಯ ಅರ್ಧದಲ್ಲಿ ಮಾಯ.

ಇದಕ್ಕಿಂತ ದೊಡ್ಡದು ಇನ್ನೊಂದು. ಫರೋಹನ ಹೃದಯವನ್ನು ಕಠಿಣ ಮಾಡಿದವನು ದೇವರೇ ಎಂದು ಗ್ರಂಥ ಮತ್ತೆ ಮತ್ತೆ ಹೇಳುತ್ತದೆ. ಹಾಗಿದ್ದರೆ ಫರೋಹನ ಪಾಪ ಯಾರದು? ಶತಮಾನಗಳಿಂದ ಭಕ್ತರೂ ಪಂಡಿತರೂ ಜಿಜ್ಞಾಸೆ ಮಾಡಿದ ಪ್ರಶ್ನೆಯಿದು. ಚಿತ್ರ ಇದನ್ನು ಎದುರಿಸುವುದಿಲ್ಲ. ಒಲವು ಸಿಗದೆ ಉರಿದ ನೆಫ್ರೆಟಿರಿ ಗಂಡನನ್ನು ಹಂಗಿಸಿ ಅವನ ಮನಸ್ಸನ್ನು ಕಲ್ಲಾಗಿಸುತ್ತಾಳೆ ಎಂದು ಹೇಳಿ ದಾಟಿಕೊಳ್ಳುತ್ತದೆ. ಪ್ರೇಮಕಥೆ ಸೇರಿಸಿದ್ದು ತಪ್ಪಲ್ಲ. ಅಷ್ಟು ಆಳದ ಪ್ರಶ್ನೆಯನ್ನು ಅದರಿಂದ ಮುಚ್ಚಿದ್ದು ತಪ್ಪು. 1998ರ ಕಾರ್ಟೂನ್ ಚಿತ್ರ ‘ದ ಪ್ರಿನ್ಸ್ ಆಫ್ ಈಜಿಪ್ಟ್’ ಈ ವಿಷಯದಲ್ಲಿ ಮುಂದಿದೆ. ಅಲ್ಲಿ ಮೋಶೆಯೂ ರಾಮ್ಸೆಸ್ಸೂ ಒಟ್ಟಿಗೆ ಆಡಿ ಬೆಳೆದ ಅಣ್ಣತಮ್ಮಂದಿರು, ಗೆದ್ದವನೂ ಅಳುತ್ತಾನೆ.

ನನ್ನ ಮತ ನಿಮ್ಮ ಅಪ್ಪನ ಕಡೆಗೇ. ಇದು ದೊಡ್ಡ ಚಿತ್ರ. ಎಪ್ಪತ್ತು ದಾಟಿದ ನಿರ್ದೇಶಕರೊಬ್ಬರು ಈಜಿಪ್ಟಿನ ಬಿಸಿಲಿನಲ್ಲಿ ಹೃದಯಾಘಾತಕ್ಕೆ ಒಳಗಾಗಿಯೂ ಕೆಲವೇ ದಿನಗಳಲ್ಲಿ ಮತ್ತೆ ಕೆಲಸಕ್ಕೆ ನಿಂತು ಮುಗಿಸಿದ, ಅವರ ಕೊನೆಯ ಚಿತ್ರ. ಮುಂದಿನ ಸಲ ಮೂರು ಗಂಟೆ ನಲವತ್ತು ನಿಮಿಷವನ್ನೂ ಒಂದೇ ಸಲ ನೋಡಬೇಡಿ. ಪೊದೆಯ ದೃಶ್ಯದ ನಂತರ ಮಧ್ಯಂತರ ಬರುತ್ತದೆ, ಅಲ್ಲಿಗೆ ನಿಲ್ಲಿಸಿ. ಆ ರಾತ್ರಿ ಅಪ್ಪನಿಂದ ವಿಮೋಚನಕಾಂಡದ ಮೂರು ಮತ್ತು ನಾಲ್ಕನೆಯ ಅಧ್ಯಾಯಗಳನ್ನು ಗಟ್ಟಿಯಾಗಿ ಓದಿಸಿ, ಮಗಳು ಕೇಳಲಿ. ಉಳಿದರ್ಧವನ್ನು ಮರುದಿನ ಒಟ್ಟಿಗೆ ನೋಡಿ. ಆಮೇಲೆ ಅವಳು ಏನು ಹೇಳಿದಳು ಎಂದು ನನಗೆ ಬರೆದು ತಿಳಿಸಿ.