ಸುಟ್ಟಿತು ಸರಿ, ಯಾಕೆ ಸುಟ್ಟಿತು?

ತಮ್ಮಾ, ನಿನ್ನೆ ಫೋನಿನಲ್ಲಿ ನಿನ್ನ ದನಿ ಸೋತಿತ್ತು. ಒಂದೇ ಇಂಡಕ್ಷನ್ ಒಲೆಗೆ ಎರಡು ಸಲ ಐಜಿಬಿಟಿ ಟ್ರಾನ್ಸಿಸ್ಟರ್ ಹಾಕಿದೆ, ಪಾತ್ರೆ ಇಟ್ಟ ಕೂಡಲೇ ಎರಡೂ ಪಟ್ಟನೆ ಹೋದವು, ಇನ್ನು ಕಂಟ್ರೋಲರ್ ಬೋರ್ಡನ್ನೇ ಬದಲಿಸಿಬಿಡುತ್ತೇನೆ ಅಂದೆ. ಅವಸರ ಬೇಡ. ಈ ಒಲೆಗಳು ನಮ್ಮ ಊರಿಗೆ ಬಂದ ಹೊಸದರಲ್ಲಿ ನಾನೂ ಹೀಗೆಯೇ ಬಿಡಿಭಾಗ ಸುಟ್ಟವನು.

ಎಲ್ಲಕ್ಕಿಂತ ಮೊದಲು ನಿನ್ನ ಕೈ. 230 ವೋಲ್ಟಿನ ಕರೆಂಟು ಬ್ರಿಡ್ಜ್ ರೆಕ್ಟಿಫೈಯರ್ ದಾಟಿದರೆ ಸುಮಾರು 320 ವೋಲ್ಟ್ ಡಿಸಿ ಆಗುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಅದನ್ನು ಹಿಡಿದುಕೊಂಡಿರಬಹುದು. ಮೀಟರ್ ಇಟ್ಟು ಸೊನ್ನೆ ನೋಡದೆ ಬೋರ್ಡ್ ಮುಟ್ಟಬೇಡ. ಇನ್ನೊಂದು, ಈ ಬೋರ್ಡಿನ ಗ್ರೌಂಡ್ ಮೇನ್ಸ್‌ನಿಂದ ಬೇರೆಯಾಗಿರುವುದಿಲ್ಲ. 5 ವೋಲ್ಟ್ ತಾನೆ ಎಂದು ಬಟನ್ ಬೋರ್ಡಿಗೆ ಕೈ ಹಾಕಿದರೂ ಶಾಕ್ ಹೊಡೆಯುತ್ತದೆ. ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡ.

ಈಗ ಕೆಲಸಕ್ಕೆ ಬಾ. ಫ್ಯೂಸ್ ಕಪ್ಪಾಗಿದೆ, ಐಜಿಬಿಟಿ ಶಾರ್ಟ್ ಆಗಿದೆ, ಬ್ರಿಡ್ಜೂ ಹೋಗಿರಬಹುದು. ಇವು ಮೂರೂ ಪೆಟ್ಟು ತಿಂದವು, ಪೆಟ್ಟು ಕೊಟ್ಟವಲ್ಲ. ಹೊಸ ಐಜಿಬಿಟಿ ಕೂರಿಸುವ ಮುಂಚೆ ಕಾಯಿಲ್ ಬಿಚ್ಚಿಟ್ಟು, 18 ವೋಲ್ಟ್ ಮತ್ತು 5 ವೋಲ್ಟ್ ಸಪ್ಲೈ ಅಳೆದು ನೋಡು. 18 ಇರಬೇಕಾದಲ್ಲಿ 11, 12 ಬರುತ್ತಿದ್ದರೆ ಐಜಿಬಿಟಿ ಪೂರ್ತಿ ಆನ್ ಆಗುವುದಿಲ್ಲ. ಅರೆಬರೆ ಆನ್ ಆಗಿ ಕಾದು ಕಾದು ಒಡೆಯುತ್ತದೆ. ಹೆಚ್ಚಾಗಿ ಅಲ್ಲಿನ ಪುಟ್ಟ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿರುತ್ತದೆ.

ಸಪ್ಲೈ ಸರಿ ಇದ್ದರೆ ರೆಸಿಸ್ಟರ್‌ಗಳ ಸಾಲಿಗೆ ಹೋಗು. ಕಾಯಿಲಿನ ಎರಡೂ ತುದಿಯಿಂದ ಚಿಪ್ಪಿನತ್ತ ಬರುವ, ಒಂದರ ಹಿಂದೊಂದು ನಿಂತಿರುವ 330 ಕಿಲೋ ಓಮ್, 470 ಕಿಲೋ ಓಮ್‌ನಂಥವು. ಐಜಿಬಿಟಿಯ ಮೇಲಿನ ವೋಲ್ಟೇಜ್ ಸೊನ್ನೆಯ ಹತ್ತಿರ ಇಳಿದ ಕ್ಷಣವನ್ನು ಚಿಪ್ಪಿಗೆ ತಿಳಿಸುವವು ಇವೇ. ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಆ ಕ್ಷಣ ಹಿಡಿಯಬೇಕು. ಸುದ್ದಿ ತಪ್ಪಿದರೆ ಒಂದೋ ಪಾತ್ರೆ ಇಟ್ಟರೂ ಪಾತ್ರೆ ಇಲ್ಲ ಅನ್ನುತ್ತದೆ, ಇಲ್ಲವೇ ತಪ್ಪು ಹೊತ್ತಿಗೆ ಆನ್ ಆಗಿ ಐಜಿಬಿಟಿ ಸಿಡಿಯುತ್ತದೆ.

ನನ್ನ ಕೈಗೆ ಬಂದ ಒಂದು ಬೋರ್ಡ್ ಇವತ್ತಿಗೂ ಕಣ್ಣ ಮುಂದಿದೆ. ಅದರಲ್ಲಿ ಇಂಥದೇ ಒಂದು ರೆಸಿಸ್ಟರ್: ಕಿತ್ತಳೆ, ಕಿತ್ತಳೆ, ಹಳದಿ ಪಟ್ಟಿ, ಮೈಮೇಲೆ ಒಂದು ಕಲೆ ಇಲ್ಲ, ಹೊಸದರ ಹಾಗೆ ಹೊಳೆಯುತ್ತಿತ್ತು. ಒಂದು ಕಾಲು ಬಿಡಿಸಿ ಅಳೆದರೆ 330 ಕಿಲೋ ಇರಬೇಕಾದದ್ದು 2 ಮೆಗಾ ಓಮ್ ದಾಟಿತ್ತು. ಅದಕ್ಕೇ ಹೇಳುವುದು, ಕಣ್ಣನ್ನು ನಂಬಬೇಡ, ಮತ್ತು ಬೋರ್ಡಿನ ಮೇಲೇ ಇಟ್ಟು ಅಳೆಯಬೇಡ. ಪಕ್ಕದ ದಾರಿಗಳು ಸೇರಿ ಸುಳ್ಳು ಲೆಕ್ಕ ತೋರಿಸುತ್ತವೆ.

ಕಾಯಿಲಿನ ಜೊತೆಗಿರುವ 0.3 ಮೈಕ್ರೋಫ್ಯಾರಡ್ ಆಸುಪಾಸಿನ ದಪ್ಪ ಕೆಪಾಸಿಟರನ್ನೂ ಅಳೆ, ಇಳಿದಿದ್ದರೆ ಬದಲಿಸು. ಗಾಜಿನ ಕೆಳಗಿನ ಥರ್ಮಿಸ್ಟರ್ ಸಾಮಾನ್ಯವಾಗಿ 100 ಕಿಲೋ ಓಮ್ ಹತ್ತಿರ ಇರುತ್ತದೆ, ಬೆರಳಲ್ಲಿ ಹಿಡಿದರೆ ಇಳಿಯಬೇಕು. ಎರರ್ ಕೋಡನ್ನು ಊಹೆಯಿಂದ ಓದಬೇಡ. ಒಂದು ಕಂಪನಿಯ ಇ-1 ಇನ್ನೊಂದರ ಇ-1 ಅಲ್ಲ.

ಎಲ್ಲ ಆದ ಮೇಲೆ ನೇರ ಪ್ಲಗ್ಗಿಗೆ ಹಾಕಬೇಡ. 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ ಕಟ್ಟು. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಬಲ್ಬು ಪೂರ್ತಿ ಉರಿದರೆ ಶಾರ್ಟ್ ಇನ್ನೂ ಒಳಗಿದೆ ಎಂದರ್ಥ, ತಕ್ಷಣ ಪ್ಲಗ್ ಕೀಳು. ಉರಿಯದೆ ಡಿಸ್‌ಪ್ಲೇ ಬಂದರೆ ನೀನು ಸರಿ ದಾರಿಯಲ್ಲಿದ್ದೀಯೆ. ನೀನು ಕಳಕೊಂಡ ಆ ಎರಡು ಐಜಿಬಿಟಿಗಳನ್ನು ಈ ಬಲ್ಬು ಉಳಿಸುತ್ತಿತ್ತು.

ಮುಚ್ಚಳ ಹಾಕುವ ಮುಂಚೆ ಫ್ಯಾನ್ ಹತ್ತಿರ ನೋಡು. ಒಗ್ಗರಣೆಯ ಜಿಡ್ಡು, ಜಿರಲೆ ಹಿಕ್ಕೆ, ಮಳೆಗಾಲದ ತೇವ ಎಲ್ಲ ಸೇರಿ ಬೋರ್ಡಿನ ಮೇಲೆ ಅಂಟಿನ ಪದರ ಕಟ್ಟಿರುತ್ತದೆ. ಮಲೆನಾಡಿನ ಮನೆಗಳಿಂದ ಬಂದ ಒಲೆಗಳಲ್ಲಿ ನಾನು ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಅದ್ದಿ ತೊಳೆದು, ಚೆನ್ನಾಗಿ ಒಣಗಿಸು. ಹೀಟ್‌ಸಿಂಕಿಗೆ ಹೊಸ ಪೇಸ್ಟ್ ತೆಳ್ಳಗೆ ಸವರು.

ಒಲೆ ಕೊಡುವಾಗ ಆ ಮನೆಯವರ ಹತ್ತಿರ ಎರಡು ನಿಮಿಷ ಮಾತಾಡು. 2000 ವ್ಯಾಟಿನ ಒಲೆ 8 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ, 16 ಆಂಪಿಯರ್ ಸಾಕೆಟ್ಟೇ ಬೇಕು. ಗೋಡೆಗೆ ಒತ್ತಿ ಇಡಬಾರದು. ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸದೆ, ಫ್ಯಾನ್ ತಾನಾಗಿ ನಿಲ್ಲುವ ತನಕ ಬಿಡಬೇಕು ಅಂತ ಹೇಳು. ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ ಆ ಕಂಟ್ರೋಲರ್ ಬೋರ್ಡನ್ನು ಎಸೆಯಬೇಡ, ಭಾನುವಾರ ಬರುವಾಗ ಜೊತೆಗೆ ತಾ.