ರಕ್ತನಾಳಗಳ ಬೆಳವಣಿಗೆ: ವಿಇಜಿಎಫ್ ಗ್ರಾಹಕಗಳ ಪಾತ್ರ

ಭ್ರೂಣದಲ್ಲಿ ಮೂಲಕೋಶಗಳಿಂದ ಹೊಸದಾಗಿ ರಕ್ತನಾಳ ರೂಪುಗೊಳ್ಳುವುದು ವ್ಯಾಸ್ಕ್ಯುಲೋಜೆನೆಸಿಸ್. ಈಗಾಗಲೇ ಇರುವ ನಾಳದಿಂದ ಕವಲೊಡೆಯುವುದು ಆಂಜಿಯೋಜೆನೆಸಿಸ್. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡಿ ಕೇಳುವ ಸಾಧ್ಯತೆ ಹೆಚ್ಚು.

ಆಮ್ಲಜನಕ ಕಡಿಮೆಯಾದ ಅಂಗಾಂಶವು ವಿಇಜಿಎಫ್ ಎಂಬ ಪ್ರೋಟೀನನ್ನು ಸ್ರವಿಸುತ್ತದೆ. ನಾಳದ ಒಳಪದರದ ಎಂಡೋಥೀಲಿಯಲ್ ಕೋಶಗಳ ಮೇಲಿರುವ ಗ್ರಾಹಕಗಳು ಅದನ್ನು ಹಿಡಿಯುತ್ತವೆ. ಇವು ಟೈರೋಸಿನ್ ಕೈನೇಸ್ ವರ್ಗಕ್ಕೆ ಸೇರಿದವು. ವಿಇಜಿಎಫ್ ಅಂಟಿದೊಡನೆ ಎರಡು ಗ್ರಾಹಕಗಳು ಜೋಡಿಯಾಗಿ, ಒಂದು ಇನ್ನೊಂದಕ್ಕೆ ಫಾಸ್ಫೇಟ್ ಸೇರಿಸುತ್ತದೆ. ಆಗ ಕೋಶ ವಿಭಜನೆಗೊಂಡು ಮುಂದೆ ಚಲಿಸುತ್ತದೆ.

ವಿಇಜಿಎಫ್‌ಗೆ ಇರುವ ಮೂರು ಗ್ರಾಹಕಗಳಲ್ಲಿ (ವಿಇಜಿಎಫ್‌ಆರ್-1, 2, 3) ಎರಡನೆಯದೇ ಮುಖ್ಯ. 1995ರಲ್ಲಿ ಪ್ರಕಟವಾದ ಇಲಿ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. ವಿಇಜಿಎಫ್‌ಆರ್-2 ಇಲ್ಲದ ಭ್ರೂಣಗಳಲ್ಲಿ ರಕ್ತನಾಳಗಳೇ ಮೂಡಲಿಲ್ಲ, ಅವು 8.5ರಿಂದ 9.5ನೇ ದಿನದೊಳಗೆ ಸತ್ತವು. ವಿಇಜಿಎಫ್‌ಆರ್-1 ಇಲ್ಲದ ಭ್ರೂಣಗಳೂ ಉಳಿಯಲಿಲ್ಲ, ಆದರೆ ಕಾರಣ ತದ್ವಿರುದ್ಧ: ಎಂಡೋಥೀಲಿಯಲ್ ಕೋಶಗಳು ಮಿತಿಮೀರಿ ಬೆಳೆದು ನಾಳಗಳು ಅಸ್ತವ್ಯಸ್ತವಾಗಿದ್ದವು. ಅಂದರೆ ಮೊದಲನೆಯದು ವಿಇಜಿಎಫ್ ಅನ್ನು ಹಿಡಿದಿಟ್ಟುಕೊಂಡು ಕಡಿವಾಣ ಹಾಕುತ್ತದೆ. ಬೆಳೆಸುವಷ್ಟೇ ತಡೆಯುವುದೂ ಜೀವಕ್ಕೆ ಅಗತ್ಯವೆಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಪ್ರಯೋಗಗಳು ವಿರಳ. ವಿಇಜಿಎಫ್‌ಆರ್-3 ಮುಖ್ಯವಾಗಿ ದುಗ್ಧನಾಳಗಳಿಗೆ ಸಂಬಂಧಿಸಿದ್ದು.

ರಕ್ತನಾಳಗಳ ಬೆಳವಣಿಗೆ ರೋಗದಲ್ಲೂ ಮುಖ್ಯ. ಹೊಸ ರಕ್ತನಾಳಗಳಿಲ್ಲದೆ ಕ್ಯಾನ್ಸರ್ ಗೆಡ್ಡೆ ದೊಡ್ಡದಾಗದು ಎಂದು 1971ರಲ್ಲಿ ವಾದಿಸಿದವರು ಜೂಡಾ ಫೋಕ್‌ಮನ್. ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್ ಔಷಧಕ್ಕೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು. ಕಣ್ಣಿಗೆ ಚುಚ್ಚುವ ಅಫ್ಲಿಬರ್ಸೆಪ್ಟ್ ಅನ್ನು ಗ್ರಾಹಕ 1 ಮತ್ತು 2ರ ಭಾಗಗಳನ್ನು ಜೋಡಿಸಿಯೇ ತಯಾರಿಸಲಾಗಿದೆ. ವಿಇಜಿಎಫ್ ಸ್ರವಿಕೆಗೆ ಕಾರಣವಾಗುವ ಆಮ್ಲಜನಕದ ಮಟ್ಟವನ್ನು ಕೋಶಗಳು ಗ್ರಹಿಸುವ ಬಗೆಯನ್ನು ಕಂಡುಹಿಡಿದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಸಂದಿದೆ. ಈ ಮೂರೂ ಹೆಸರುಗಳನ್ನು ನೆನಪಿಡಿ.