ಮನೆಗೆ ವಿಮೆ ಇರಲಿಲ್ಲ, ಸಾಲಕ್ಕಿತ್ತು

ಬೆಳಂಬಾರದ ನಮ್ಮ ಹಳೇ ಮನೆಯನ್ನು ರಿಪೇರಿ ಮಾಡಿಸಿ, ಮುಂದಿನ ಬದಿಗೆ ಬಾಡಿಗೆಗೆಂದು ಎರಡು ಕೋಣೆ ಕಟ್ಟಿಸಲು 2018ರ ಜುಲೈಯಲ್ಲಿ ಅಪ್ಪ ಮತ್ತು ಅಣ್ಣ ಸೇರಿ ಬ್ಯಾಂಕಿನಲ್ಲಿ 12 ಲಕ್ಷ ಸಾಲ ಮಾಡಿದರು. ಸಾಲದ ಕಾಗದಗಳ ನಡುವೆ ಒಂದು ವಿಮೆಯ ಅರ್ಜಿಯೂ ಇತ್ತು. ಒಂದೇ ಕಂತಿನ ಪ್ರೀಮಿಯಂ, 60,000 ರೂಪಾಯಿ. ಕೈಯಿಂದ ಕೊಡಬೇಕಾಗಿಲ್ಲ, ಸಾಲಕ್ಕೇ ಸೇರಿಸುತ್ತೇವೆ ಎಂದರು ಬ್ಯಾಂಕಿನವರು. ಅಣ್ಣ ಸಹಿ ಹಾಕಿದ. ಆಮೇಲೆ ಆರು ವರ್ಷ ನಮ್ಮಲ್ಲಿ ಎಲ್ಲರೂ ಅದನ್ನು ‘ಮನೆ ಇನ್ಶೂರೆನ್ಸ್’ ಎಂದೇ ಕರೆದೆವು.

2021ರಲ್ಲಿ ಅಪ್ಪ ತೀರಿಕೊಂಡರು. ಸಾಲ ಮನ್ನಾ ಆಗುತ್ತದೆಂದು ಪಾಲಿಸಿ ತೆಗೆದು ನೋಡಿದರೆ ಅದು ಅಣ್ಣನ ಜೀವದ ಮೇಲಿತ್ತು. ಅಪ್ಪನ ವಯಸ್ಸು ಮೀರಿದ್ದರಿಂದ ಅವರನ್ನು ಸೇರಿಸಿರಲೇ ಇಲ್ಲ. ಹೋಗಲಿ, ಮನೆಗಾದರೂ ಆಗುತ್ತದಲ್ಲ ಎಂದು ಎಲ್ಲರೂ ಸುಮ್ಮನಾದೆವು.

2024ರ ಜುಲೈ ಮಳೆ ನಮ್ಮ ತಾಲೂಕಿನವರಿಗೆ ಮರೆಯುವಂಥದ್ದಲ್ಲ. 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದು ಗಂಗಾವಳಿಗೆ ಬಿತ್ತು. ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಆ ಸಾವುನೋವಿನ ಎದುರು ನಮ್ಮದು ದೊಡ್ಡ ನಷ್ಟವಲ್ಲ. ಅದೇ ಮಳೆಯಲ್ಲಿ ಹಿಂದಿನ ಹಳ್ಳ ಉಕ್ಕಿ ಅಡುಗೆಮನೆಯ ಕೆಂಪುಕಲ್ಲಿನ ಗೋಡೆ ಮಾಡಿನ ಸಮೇತ ಕೂತುಬಿಟ್ಟಿತು. ಮತ್ತೆ ಎಬ್ಬಿಸಲು 3,40,000 ರೂಪಾಯಿ ಬೇಕಾಯಿತು. ಆಗ ಪಾಲಿಸಿಯ ಪ್ರತಿ ಪುಟ ಓದಿದೆ. ಅದರಲ್ಲಿ ಗೋಡೆ, ಮಾಡು, ನೆರೆ ಎಂಬ ಮಾತೇ ಇರಲಿಲ್ಲ. ಅದು ಸಾಲಗಾರ ಸತ್ತರೆ ಸಾಲ ತೀರಿಸುವ ಜೀವವಿಮೆ. ಕಟ್ಟಡಕ್ಕೆ ಬೇರೆಯೇ ಒಂದು ಪಾಲಿಸಿ ಇತ್ತು ನಿಜ. ಸಾಲ ಕೊಟ್ಟ ವರ್ಷ ಬ್ಯಾಂಕಿನವರೇ ಮಾಡಿಸಿದ್ದರು. ಒಂದೇ ವರ್ಷದ್ದು. ನವೀಕರಿಸಿರಲಿಲ್ಲ.

ಈ ಒಂದೇ ಕಂತಿನ ಸಾಲವಿಮೆಯ ಲೆಕ್ಕವನ್ನು ನಿಧಾನವಾಗಿ ಹಾಕಿ ನೋಡೋಣ. 60,000 ಸಾಲಕ್ಕೆ ಸೇರಿತು. ಬಡ್ಡಿ ಶೇ 9, ಅವಧಿ 15 ವರ್ಷ. ಆ ದರದಲ್ಲಿ ಲಕ್ಷಕ್ಕೆ ತಿಂಗಳ ಕಂತು ಸುಮಾರು 1,014 ರೂಪಾಯಿ, 60,000ಕ್ಕೆ 609. ಅಂದರೆ ಅಣ್ಣ ಪ್ರತಿ ತಿಂಗಳು ಕಟ್ಟುವ ಕಂತಿನಲ್ಲಿ 609 ರೂಪಾಯಿ ಈ ವಿಮೆಯದ್ದು. 180 ತಿಂಗಳಿಗೆ ಒಟ್ಟು 1,09,500 ದಾಟುತ್ತದೆ. ಅರವತ್ತು ಸಾವಿರದ ಸರಕಿಗೆ ಸುಮಾರು ನಲವತ್ತೊಂಬತ್ತೂವರೆ ಸಾವಿರ ಬಡ್ಡಿ. ಗೋಡೆ ಬಿದ್ದ ದಿನಕ್ಕೆ ಆರು ವರ್ಷದಲ್ಲಿ ಇದಕ್ಕಾಗಿಯೇ ಸುಮಾರು 43,800 ಕಟ್ಟಿ ಆಗಿತ್ತು. ಇತ್ತ ಸಾಲ ಇಳಿದಂತೆ ವಿಮೆಯ ಮೊತ್ತವೂ ಇಳಿಯುತ್ತದೆ. ಕಟ್ಟುವ 609 ಮಾತ್ರ ಇಳಿಯುವುದಿಲ್ಲ. ವರ್ಷಕ್ಕೆ 7,300 ರೂಪಾಯಿ ಆಯಿತು. ಈಗ ನಮ್ಮ ಕಟ್ಟಡದ ವಿಮೆಗೆ ವರ್ಷಕ್ಕೆ ಒಂದೂವರೆ ಸಾವಿರದೊಳಗೇ ಮುಗಿಯುತ್ತಿದೆ. ಉಳಿದ ಹಣದಲ್ಲಿ ಆಗಿನ ವಯಸ್ಸಿನಲ್ಲಿ ಅಣ್ಣನಿಗೆ ಒಂದು ಟರ್ಮ್ ಪಾಲಿಸಿ ಬರುತ್ತಿತ್ತು, ಸಾಲ ತೀರಿದ ಮೇಲೂ ಮನೆಯವರಿಗೆ ಉಳಿಯುವಂಥದ್ದು.

ಈ ಸರಕಿನ ಬಗ್ಗೆ ನನಗೆ ತಾಳ್ಮೆ ಇಲ್ಲ. ಸಾಲ ಸಿಕ್ಕರೆ ಸಾಕೆಂದು ಕೂತವನ ಮುಂದೆ ಇದನ್ನು ಇಡುವುದೇ ತಪ್ಪು. ಸಾಲ ಬೇಕಾದರೆ ಇದೇ ವಿಮೆ ಕೊಳ್ಳಬೇಕು ಎಂದು ಯಾವ ಬ್ಯಾಂಕೂ ಕಡ್ಡಾಯ ಮಾಡುವಂತಿಲ್ಲ. ಸಹಿ ಹಾಕಿ ಬಂದಿದ್ದರೂ ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಬಹುದು. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ 2024ರ ನಿಯಮದಲ್ಲಿ ಅಷ್ಟು ಸಮಯವಿದೆ. ಪಾಲಿಸಿಯನ್ನು ಸಾಲದ ಫೈಲಿನಲ್ಲೇ ಬಿಟ್ಟುಬರಬೇಡಿ. ಮನೆಗೆ ತಂದು ಓದಿ.

ಕಟ್ಟಡಕ್ಕೆ ಬೇಕಾದದ್ದು 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಎಂಬ ಪಾಲಿಸಿ. ಸಾಮಾನ್ಯ ವಿಮಾ ಕಂಪನಿ ಯಾವುದಾದರೂ ಷರತ್ತುಗಳ ಪಠ್ಯ ಒಂದೇ. ಮೊತ್ತ ನಿರ್ಧಾರವಾಗುವುದು ಸಾಲದ ಮೇಲೂ ಅಲ್ಲ, ಜಾಗದ ಬೆಲೆಯ ಮೇಲೂ ಅಲ್ಲ, ಮತ್ತೆ ಕಟ್ಟುವ ಖರ್ಚಿನ ಮೇಲೆ. ನಮ್ಮದು 80 ಚದರ ಮೀಟರ್; ಮೀಟರಿಗೆ 22,000 ಹಿಡಿದರೆ 17,60,000. ಸಾಮಾನಿಗೆ ಅದರ ಶೇ 20 ತಾನಾಗಿ ಸೇರುತ್ತದೆ. ನೆರೆ, ಚಂಡಮಾರುತ, ಗುಡ್ಡ ಕುಸಿತ ಎಲ್ಲವೂ ಇದೆ. ಆದರೆ ಕಡಲ ಬದಿಯವರು ಒಂದು ಸಾಲನ್ನು ಬೆರಳಿಟ್ಟು ಓದಬೇಕು. ನೆಲ ಕುಸಿತಕ್ಕೆ ಪರಿಹಾರ ಕೊಡುವ ಕಲಮಿನಲ್ಲೇ ಕಡಲ್ಕೊರೆತ ಮತ್ತು ನದಿಕೊರೆತವನ್ನು ಹೊರಗಿಟ್ಟಿದ್ದಾರೆ. ವರ್ಷ ವರ್ಷ ಅಲೆ ಕೊರೆದು ಅಡಿಪಾಯ ಜಗ್ಗಿದರೆ ಹಣ ಬರುವುದಿಲ್ಲ. ಕಡಲಂಚಿನ ಖಾರ್ವಿವಾಡದ ಬದಿ ಇರುವವರಿಗೆ ಇದನ್ನು ಏಜೆಂಟರು ಮೊದಲೇ ಹೇಳಬೇಕು. ನನಗೆ ಯಾರೂ ಹೇಳಲಿಲ್ಲ.

ಸರ್ಕಾರ ಕೊಡುತ್ತದಲ್ಲ ಎನ್ನುವವರಿಗೆ: 2022ರ ಕೇಂದ್ರ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಪೂರ್ತಿ ಹೋದ ಮನೆಗೆ 1,20,000, ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500. ರಾಜ್ಯ ಒಮ್ಮೊಮ್ಮೆ ಮೇಲೆ ಸೇರಿಸುತ್ತದೆ. ಅದನ್ನು ನಂಬಿ ಗೋಡೆ ಎಬ್ಬಿಸಲಾಗದು.

ಕಟ್ಟಡದ ವಿಮೆಯನ್ನು ನವೀಕರಿಸಿದ್ದರೂ ನಮಗೆ ಹಣ ಸಲೀಸಾಗಿ ಬರುತ್ತಿರಲಿಲ್ಲ. ಕಾರಣ ಪಹಣಿ. ಅಪ್ಪ ಹೋಗಿ ಮೂರು ವರ್ಷವಾಗಿದ್ದರೂ ಪಹಣಿಯಲ್ಲೂ ಪಂಚಾಯಿತಿಯ ಫಾರಂ 9, 11ರಲ್ಲೂ ಅಪ್ಪನ ಹೆಸರೇ ಇತ್ತು. ‘ಮನೆ ನಮ್ದೇ ಅಲ್ದಾ, ಹೆಸ್ರು ಯಾರದಿದ್ರೇನು?’ ಎಂದು ಅಣ್ಣ ಹೇಳುತ್ತಿದ್ದ. ಮಾಲೀಕ ತೀರಿಕೊಂಡರೆ ಗೃಹ ರಕ್ಷಾ ಆ ಅವಧಿ ಮುಗಿಯುವವರೆಗೆ ವಾರಸುದಾರರ ಪರವಾಗಿ ಮುಂದುವರಿಯುತ್ತದೆ. ಆದರೆ ವಾರಸುದಾರರು ಯಾರು ಎಂದು ತೋರಿಸಬೇಕಲ್ಲ. ಅಮ್ಮ, ಅಣ್ಣ, ನಾನು, ತಂಗಿ, ನಾಲ್ವರದೂ ಪಾಲು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹುಟ್ಟಿನಿಂದಲೇ ಬಂದ ಸಮಪಾಲು. ಅಪ್ಪ ಆಗ ಬದುಕಿರಬೇಕು ಎಂಬ ತಕರಾರನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ತಳ್ಳಿಹಾಕಿದೆ. ಅಣ್ಣನೊಬ್ಬನ ಹೆಸರಿನಲ್ಲಿ ಹೊಸ ಪಾಲಿಸಿ ಮಾಡಿದರೆ ಕಂಪನಿ ಅವನ ಪಾಲಿನ ಹಿತಾಸಕ್ತಿ ಎಷ್ಟು ಎಂದು ಕೇಳಬಹುದು. ನೆರೆ ಪರಿಹಾರದ ಚೆಕ್ಕಿಗೂ ಇದೇ ಪಾಡಾಯಿತು. ತಲಾಟಿ ವಂಶವೃಕ್ಷ ಕೇಳಿದರು, ಎಲ್ಲರ ಒಪ್ಪಿಗೆ ಪತ್ರ ಕೇಳಿದರು. ತಂಗಿ ಪುಣೆಯಿಂದ ಬರಬೇಕಾಯಿತು.

ಖರ್ಚು ಉಳಿಸಲೆಂದು ವಾಟ್ನಿ (ಆಸ್ತಿ ವಿಭಾಗ) ಪತ್ರ ಮುಂದೂಡಿದ್ದೆವು. ಕುಟುಂಬದೊಳಗಿನ ವಾಟ್ನಿಗೆ ಮುದ್ರಾಂಕ ಶುಲ್ಕ ಪಾಲಿಗೆ ಇಷ್ಟೆಂದು ನಿಗದಿ. ಮಾರಾಟದ ಹಾಗೆ ಆಸ್ತಿಯ ಬೆಲೆಯ ಮೇಲಲ್ಲ. ಇನ್ನು ಬರೀ ವಾರಸಾ ಹಚ್ಚಿಸಲು ಅದೂ ಬೇಡ. ಪಹಣಿಯೊಂದೇ ಹಕ್ಕು ಸಾಬೀತು ಮಾಡುವುದಿಲ್ಲ, ಅದು ನನಗೂ ಗೊತ್ತು. ಆದರೆ ಬ್ಯಾಂಕು, ವಿಮೆ, ಪಂಚಾಯಿತಿ ಮೂರೂ ಮೊದಲು ನೋಡುವುದು ಅದನ್ನೇ.

ಈ ಜಾಗ ಅಜ್ಜ ಗೇಣಿಗೆ ಮಾಡುತ್ತಿದ್ದದ್ದು. ರೈತ ನಾಯಕ ದಿನಕರ ದೇಸಾಯಿಯವರ ಕಾಲದ ರೈತರು ಈ ಜಿಲ್ಲೆಯಲ್ಲಿ ಒಕ್ಕಲೆಬ್ಬಿಸುವುದರ ವಿರುದ್ಧ ಹೋರಾಡಿದರು. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರದ ವಶಕ್ಕೆ ಬಂದ ಮೇಲೆ ಅಜ್ಜ ಫಾರಂ 7 ತುಂಬಿ, ಭೂನ್ಯಾಯ ಮಂಡಳಿಗೆ ಅಲೆದು ತನ್ನ ಹೆಸರು ಹಚ್ಚಿಸಿಕೊಂಡರು. ಓದು ಬಾರದ ಅಜ್ಜನಿಗೆ ಕಾಗದದ ಮೇಲಿನ ಹೆಸರಿನ ಬೆಲೆ ಗೊತ್ತಿತ್ತು. ಓದಿದ ನಾವು ಅದನ್ನು ಬೇಸಿಗೆ ರಜೆಯಿಂದ ಬೇಸಿಗೆ ರಜೆಗೆ ತಳ್ಳುತ್ತೇವೆ. ಊರಿನ ಅದೆಷ್ಟೋ ಮನೆಗಳಲ್ಲಿ ಸತ್ತವರ ಹೆಸರಿನಲ್ಲೇ ಕರ ಕಟ್ಟುವ ರೂಢಿ ಇನ್ನೂ ಇದೆ. ಈ ರೂಢಿ ಬಿಡಬೇಕು. ತಿಂಗಳ ಸಂಬಳದ ಚೀಟಿ ನೋಡುವವರು ವರ್ಷಕ್ಕೊಮ್ಮೆ ಪಹಣಿಯನ್ನೂ ತೆಗೆದು ನೋಡಬೇಕು.

ಬಾಡಿಗೆಗೆ ಕೊಟ್ಟವರಿಗೆ ಎರಡು ಮಾತು. ಬೆಳಂಬಾರ ಎಂದರೆ ಹೊರಗಿನವರಿಗೆ ಪಾರ್ಶ್ವವಾಯುವಿನ ನಾಟಿ ಔಷಧದ ಊರು. ನಮ್ಮ ಮುಂದಿನ ಕೋಣೆಗಳಲ್ಲಿದ್ದವರೂ ರೋಗಿಯ ಜೊತೆ ಬಂದವರೇ. ಬಾಯಿಮಾತಿನ ಬಾಡಿಗೆ, ತಿಂಗಳಿಗೆ 5,000. ಹಿಂದಿನ ಗೋಡೆ ಬಿದ್ದ ವಾರವೇ ಬಿಟ್ಟು ಹೋದರು, ಅಡ್ವಾನ್ಸ್ ಕೂಡಲೇ ಕೊಡಬೇಕಾಯಿತು. ಅವರ ಮೇಲೆ ನನಗೆ ಬೇಸರವಿಲ್ಲ. ನೆರೆಯಲ್ಲಿ ಮನೆಯ ಮುಖ್ಯ ಭಾಗ ನಾಶವಾದರೆ ಬಾಡಿಗೆದಾರ ಗುತ್ತಿಗೆಯನ್ನೇ ರದ್ದು ಮಾಡಬಹುದೆಂದು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಹೇಳುತ್ತದೆ. ಬರೆದ ಕರಾರು ಇಲ್ಲದ ತಿಂಗಳ ಬಾಡಿಗೆಗೆ ಎರಡೂ ಕಡೆಯವರಿಗೆ 15 ದಿನದ ನೋಟಿಸ್ ಸಾಕು. ಐದು ತಿಂಗಳು ಕೋಣೆ ಖಾಲಿ ಬಿದ್ದವು, 25,000 ಹೋಯಿತು. ಗೃಹ ರಕ್ಷಾದಲ್ಲಿ ಬಾಡಿಗೆ ನಷ್ಟಕ್ಕೂ ಜಾಗವಿದೆ, ಮನೆ ಬಾಡಿಗೆಗಿದೆ ಎಂದು ತಿಳಿಸಿದ್ದರೆ. ಬಾಡಿಗೆದಾರನ ಸಾಮಾನು ಮಾತ್ರ ನಮ್ಮ ಪಾಲಿಸಿಗೆ ಸೇರುವುದಿಲ್ಲ. ಅಂಗಡಿಗೆ ಕೊಟ್ಟರೆ ಈ ಪಾಲಿಸಿಯೇ ಅಲ್ಲ, ಬೇರೆ ಬೇಕು.

ಕಡಲಿಗೆ ಹತ್ತಿರದವರು ಮತ್ತೆ ಕಟ್ಟುವ ಮುನ್ನ 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯನ್ನೂ ನೋಡಬೇಕು. ಕಟ್ಟಡ ನಿಷೇಧಿತ ಪಟ್ಟಿಯೊಳಗೆ ಹಿಂದಿನಿಂದ ಇದ್ದ ಮನೆಯನ್ನು ಅಷ್ಟೇ ಅಳತೆಯಲ್ಲಿ ಮತ್ತೆ ಕಟ್ಟಲು ಅವಕಾಶವಿದೆ, ಆದರೆ ಅದು ಅಧಿಕೃತವಾಗಿರಬೇಕು. ಪಂಚಾಯಿತಿ ಪರವಾನಗಿ ಇಲ್ಲದೆ ಸೇರಿಸಿದ ಅಡುಗೆಮನೆ, ಜಗುಲಿಗಳಿಗೆ ಇಲ್ಲೇ ಪೆಟ್ಟು ಬೀಳುವುದು.

ನಾಲ್ವರ ಹೆಸರೂ ಈಗ ಪಹಣಿಗೆ ಬಂದಿದೆ. ಪಾಲಿಸಿ ನಾಲ್ವರ ಜಂಟಿ ಹೆಸರಿನಲ್ಲಿದೆ, ಸಾಲ ಇರುವುದರಿಂದ ಬ್ಯಾಂಕಿನ ಹೆಸರೂ ಅದರಲ್ಲಿದೆ. ಹಳೇ ಸಾಲವಿಮೆಯನ್ನು ಸರೆಂಡರ್ ಮಾಡಲು ಅಣ್ಣ ಅರ್ಜಿ ಕೊಟ್ಟಿದ್ದಾನೆ. ಸಿಗುವ ಮೊತ್ತವನ್ನು ನೇರ ಅಸಲಿಗೆ ಹಾಕಿ, ಕಂತು ಹೊಸದಾಗಿ ಲೆಕ್ಕ ಮಾಡಿಸಬೇಕು. ನಿಮ್ಮ ಕ್ಲೇಮನ್ನು ಕಂಪನಿ ತಿರಸ್ಕರಿಸಿದ್ದರೆ ಮೊದಲು ಆ ಕಂಪನಿಗೇ ಲಿಖಿತ ದೂರು ಕೊಡಿ. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಬರೆಯಿರಿ. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ, ಶುಲ್ಕವಿಲ್ಲ, ವಕೀಲರೂ ಬೇಡ.